ಅಡುಗೆಮನೆಯ ಕ್ಯಾಲೆಂಡರ್

ಕಳೆದ ಜೂನ್‌ನಲ್ಲಿ ಹತ್ತು ದಿನ ನಮ್ಮ ಮನೆಯಲ್ಲಿ ಬೇಳೆ ಬೇಯಲಿಲ್ಲ. ಕುಕ್ಕರ್ ಆರು ಸೀಟಿ ಹೊಡೆದರೂ ತೊಗರಿಬೇಳೆ ಇಡಿಯಾಗಿಯೇ ಉಳಿಯುತ್ತಿತ್ತು. ಬೆರಳಲ್ಲಿ ಹಿಸುಕಿದರೆ ಒಳಗೆ ಗಟ್ಟಿ. ಗದಗಿನವರಿಗೆ ಇದರ ಕಾರಣ ಹೇಳಬೇಕಾಗಿಲ್ಲ. ಸವಳು ನೀರು.

ನಮ್ಮ ಊರಲ್ಲಿ ಎರಡು ನೀರು. ಬೋರಿನ ನೀರು ಬಟ್ಟೆಗೆ, ಬಚ್ಚಲಿಗೆ, ಪಾತ್ರೆಗೆ. ಕುಡಿಯಲು, ಅಡುಗೆಗೆ ಹೊಳಿ ನೀರು, ಅಂದರೆ ತುಂಗಭದ್ರೆಯಿಂದ ನಳಕ್ಕೆ ಬರುವ ನೀರು. ಅದು ದಿನಾ ಬರುವುದಿಲ್ಲ. ನಮ್ಮ ಓಣಿಗೆ ವಾರಕ್ಕೊಮ್ಮೆ ಬಂದರೆ ಚಲೋ, ಬೇಸಿಗೆಯಲ್ಲಿ ಹತ್ತು ಹನ್ನೆರಡು ದಿನ ಆಗುವುದೂ ಉಂಟು. ಬಂದಾಗ ಎರಡು ತಾಸು ಇರುತ್ತದೆ. ಅಷ್ಟರಲ್ಲಿ ಅಂಗಳದ ಟಾಕಿ ತುಂಬಿಕೊಳ್ಳಬೇಕು.

ನಮ್ಮ ಮನೆಯ ಗೇಟಿನ ಹತ್ತಿರ ಒಂದು ವಾಲ್ವ್ ಇದೆ. ಹಿಂದೆ ಒಂದು ಬರದ ವರ್ಷ ನಳದ ನೀರು ತಿಂಗಳಾದರೂ ಬಾರದಿದ್ದಾಗ ನಮ್ಮ ಮಾವನವರು ಬೋರಿನ ಪೈಪನ್ನೂ ಅಂಗಳದ ಟಾಕಿಗೆ ಜೋಡಿಸಿದ್ದರು. ಆ ವಾಲ್ವ್ ಮುಚ್ಚದೆ ಬೋರಿನ ಮೋಟಾರ್ ಹಾಕಿದರೆ ಸವಳು ನೀರು ಕುಡಿಯುವ ನೀರಿಗೆ ಬಂದು ಬೀಳುತ್ತದೆ. ಈ ವಿಷಯ ಗೊತ್ತಿದ್ದದ್ದು ಮನೆಯಲ್ಲಿ ಇಬ್ಬರಿಗೆ. ಒಬ್ಬರು ಮಾವ, ಅವರು ಈಗಿಲ್ಲ. ಇನ್ನೊಬ್ಬಳು ನಾನು. ಅವತ್ತು ಹೊಳಿ ನೀರು ಬಂದಾಗ ನಾನು ಹುಬ್ಬಳ್ಳಿಯಲ್ಲಿದ್ದೆ.

ಹೊಸ ಕೆಲಸಕ್ಕೆ ಸೇರಿ ಸರಿಯಾಗಿ ಎರಡು ವಾರ ಆಗಿತ್ತು. 2025ರ ಜೂನ್ 2, ಸೋಮವಾರ ಸೇರಿದ್ದು. ಹುಬ್ಬಳ್ಳಿಯಲ್ಲಿ ಒಂದು ಸಣ್ಣ ಲೆಕ್ಕಪತ್ರದ ಆಫೀಸು. ಅಂಗಡಿಯವರ, ಸಣ್ಣ ವ್ಯಾಪಾರಸ್ಥರ ಜಿಎಸ್‌ಟಿ ತುಂಬುವ ಕೆಲಸ.

ಈ ಕೆಲಸ ನನಗೆ ಪೂರ್ತಿ ಹೊಸದಲ್ಲ. 2009ರಿಂದ 2014ರವರೆಗೆ ಗದಗಿನಲ್ಲೇ ಒಬ್ಬ ತೆರಿಗೆ ಸಲಹೆಗಾರರ ಹತ್ತಿರ ಲೆಕ್ಕ ಬರೆಯುತ್ತಿದ್ದೆ. ಆಗ ವ್ಯಾಟ್ ಕಾಲ, ಅಂದರೆ ಜಿಎಸ್‌ಟಿಗೂ ಮುಂಚಿನ ಮಾರಾಟ ತೆರಿಗೆ. ತಿಂಗಳ 20ನೇ ತಾರೀಕಿನೊಳಗೆ ವ್ಯಾಟ್ 100 ಫಾರ್ಮ್ ತುಂಬಬೇಕಿತ್ತು. 2014ರಲ್ಲಿ ಮಾವನವರಿಗೆ ಲಕ್ವಾ ಹೊಡೆಯಿತು. ಮಗಳು ಎರಡು ವರ್ಷದವಳು. ಕೆಲಸ ಬಿಟ್ಟೆ. ಬಿಡು ಅಂತ ಯಾರೂ ಹೇಳಲಿಲ್ಲ, ಬೇಡ ಅಂತಲೂ ಯಾರೂ ಹೇಳಲಿಲ್ಲ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದಾಗ ನಾನು ಒಂದು ವರ್ಷದ ಮಗನಿಗೆ ಗಂಜಿ ತಿನ್ನಿಸುತ್ತಾ ಟಿವಿಯಲ್ಲಿ ಅದನ್ನು ನೋಡಿದೆ. ನಾನು ಕಲಿತ ವಿದ್ಯೆಯ ಹೆಸರೇ ಬದಲಾಗಿ ಹೋಯಿತು ಅನ್ನಿಸಿ ಅವತ್ತು ಊಟ ಸೇರಲಿಲ್ಲ.

ಮತ್ತೆ ಕೆಲಸ ಹುಡುಕಿದ್ದು ಮನೆಯ ಖರ್ಚಿಗಾಗಿ. ನಮ್ಮವರು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಮಷಿನ್ ನಡೆಸುತ್ತಾರೆ. ಗದಗು ಮುದ್ರಣಕ್ಕೆ ಹೆಸರಾದ ಊರು, ಕೆಲಸಕ್ಕೆ ಬರ ಇರಲಿಲ್ಲ. ಈಗ ಲಗ್ನಪತ್ರಿಕೆ ಫೋನಿನಲ್ಲೇ ಹೋಗುತ್ತವೆ. ಪ್ರೆಸ್ಸಿನಲ್ಲಿ ಓವರ್‌ಟೈಮ್ ನಿಂತು ಎರಡು ವರ್ಷವಾಯಿತು. ನನಗೆ ಕೊಡುತ್ತೇವೆ ಅಂದದ್ದು ತಿಂಗಳಿಗೆ 16 ಸಾವಿರ. ಗದಗಿನಿಂದ ಹುಬ್ಬಳ್ಳಿಗೆ ಸುಮಾರು 60 ಕಿಲೋಮೀಟರ್. ದಿನಾ ಬಸ್ಸಿಗೆ ದುಡ್ಡು ಕೊಡುವುದಾಗಿದ್ದರೆ ಈ ಸಂಬಳಕ್ಕೆ ಹೋಗುವ ಮಾತೇ ಇರಲಿಲ್ಲ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಗಿತ್ತಲ್ಲ, ಆಧಾರ್ ಕಾರ್ಡ್ ತೋರಿಸಿದರೆ ಕಂಡಕ್ಟರ್ ಸೊನ್ನೆ ರೂಪಾಯಿಯ ಟಿಕೆಟ್ ಹರಿದು ಕೊಡುತ್ತಾರೆ. ಬೆಳಗಿನ ಬಸ್ಸಿನಲ್ಲಿ ನನ್ನ ಹಾಗೆ ಆ ಟಿಕೆಟ್ ಹಿಡಿದು ಕೂತ ಹೆಂಗಸರು ಎಷ್ಟು ಜನ! ಆಸ್ಪತ್ರೆಯ ಆಯಾ, ಬಟ್ಟೆ ಅಂಗಡಿಯ ಸೇಲ್ಸ್ ಹುಡುಗಿಯರು, ನರ್ಸಿಂಗ್ ಓದುವವರು, ಅಣ್ಣಿಗೇರಿಯಲ್ಲಿ ಹತ್ತುವ ಇಬ್ಬರು ಟೀಚರುಗಳು. ಈ ಯೋಜನೆ ಬಗ್ಗೆ ಯಾರು ಏನೇ ವಾದ ಮಾಡಲಿ, ನನ್ನ ಮಟ್ಟಿಗೆ ಅದು ನಾನು ಆಫೀಸಿನ ಬಾಗಿಲು ದಾಟಲು ಇಟ್ಟ ಮೆಟ್ಟಿಲು.

ಬೆಳಿಗ್ಗೆ ನಾಲ್ಕೂವರೆಗೆ ಏಳುತ್ತಿದ್ದೆ. ರೊಟ್ಟಿ, ಪಲ್ಯ, ಮೂರು ಡಬ್ಬಿ, ಅತ್ತೆಗೆ ಗುಳಿಗೆ, ಮಗನ ಬೂಟು. ಏಳೂವರೆಗೆ ಬಸ್‌ಸ್ಟ್ಯಾಂಡ್. ಸಂಜೆ ವಾಪಸ್ ಬರುವಾಗ ಏಳೂವರೆ, ಎಂಟು. ಮೊದಲ ವಾರ ಆಫೀಸಿನ ಕೆಲಸವೇ ತಲೆ ತುಂಬಾ. ಹನ್ನೊಂದು ವರ್ಷದಲ್ಲಿ ಎಲ್ಲವೂ ಪೋರ್ಟಲ್‌ಗೆ ಹೋಗಿದೆ. ಓಟಿಪಿ ಬರುವುದು ಗಿರಾಕಿಯ ಫೋನಿಗೆ, ಅವರು ಅಂಗಡಿಯಲ್ಲಿ ಗಲಾಟೆಯಲ್ಲಿ ಇರುತ್ತಾರೆ, ಹೇಳುವಷ್ಟರಲ್ಲಿ ಸಮಯ ಮುಗಿದು ಹೋಗುತ್ತದೆ. ಅದೆಲ್ಲ ಕಲಿಯಬಹುದು ಅನ್ನುವ ಧೈರ್ಯ ಇತ್ತು. ಮನೆ ಬಗ್ಗೆ ನಾನು ಯೋಚನೆಯನ್ನೇ ಮಾಡಿರಲಿಲ್ಲ. ಮನೆ ತಾನಾಗೇ ನಡೆಯುತ್ತದೆ ಅಂದುಕೊಂಡಿದ್ದೆ.

ಆ ನೀರಿನ ದಿನ ಸಂಜೆ ಮನೆಗೆ ಬಂದಾಗ ಅತ್ತೆ ಕಟ್ಟೆಯ ಮೇಲೆ ಕೂತು ನನ್ನ ದಾರಿಯನ್ನೇ ಕಾಯುತ್ತಿದ್ದರು.

"ಹೊಳಿ ನೀರು ಬಂದಿದ್ವು ನೋಡವ್ವಾ. ಟಾಕಿ ತುಂಬಿಸೇನಿ. ಕೊಡನೂ ತುಂಬಿಸಿಟ್ಟೇನಿ" ಅಂದರು. ಮುಖದಲ್ಲಿ ಖುಷಿ. ಮೊಣಕಾಲು ನೋವಿರುವ 68 ವರ್ಷದವರು ಒಬ್ಬರೇ ಅಷ್ಟೂ ಮಾಡಿದ್ದರು.

ಒಳಗೆ ಹೋಗಿ ಒಂದು ತಂಬಿಗೆ ನೀರು ಕುಡಿದೆ. ಉಪ್ಪು.

"ಅತ್ತಿ, ಮೋಟಾರ್ ಹಾಕಿದ್ರೇನು?"

"ಹೂಂ ಮತ್ತ. ಮ್ಯಾಲಿನ ಸಿಂಟೆಕ್ಸ್ ಖಾಲಿ ಆಗಿತ್ತು, ಅದನ್ನೂ ತುಂಬಿಸಿಬಿಡೂಣು ಅಂತ ಹಾಕಿದೆ."

"ಗೇಟಿನ ಕಡೆ ವಾಲ್ವ್ ಬಂದ್ ಮಾಡಿದ್ರೋ ಇಲ್ಲೋ?"

"ಯಾವ ವಾಲ್ವ ಯವ್ವಾ?"

ನನಗೆ ಸಿಟ್ಟು ಬಂತು. ಹತ್ತು ದಿನದ ನೀರು ಹಾಳಾಗಿತ್ತು. "ಈ ಮನ್ಯಾಗ ಒಂದು ದಿನ ನಾ ಇಲ್ಲಂದ್ರ ಯಾವುದೂ ಸರಿ ಆಗೂದಿಲ್ಲ" ಅಂತ ಮಕ್ಕಳ ಮುಂದೆಯೇ ಜೋರಾಗಿ ಅಂದೆ. ಅತ್ತೆ ಏನೂ ಮಾತಾಡಲಿಲ್ಲ. ಎದ್ದು ಒಳಗೆ ಹೋಗಿ ಗೋಡೆ ಕಡೆ ಮುಖ ಮಾಡಿ ಮಲಗಿದರು. ರಾತ್ರಿ ಊಟಕ್ಕೆ ಕರೆದರೆ ಹಸಿವಿಲ್ಲ ಅಂದರು.

ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮೊದಲು ನೀರಿನ ಚಿಂತೆ. ಆಮೇಲೆ ಅವರ "ಯಾವ ವಾಲ್ವ" ಅನ್ನುವ ಮಾತೇ ಕಿವಿಯಲ್ಲಿ ತಿರುಗಿತು. ನಿಜ ಅಲ್ವಾ? ಅವರಿಗೆ ಹೇಗೆ ಗೊತ್ತಿರಬೇಕು? ಅವರ ಕಾಲದಲ್ಲಿ ಮಾವ ನೋಡಿಕೊಳ್ಳುತ್ತಿದ್ದರು. ಮಾವ ಮಲಗಿದ ಮೇಲೆ ನನಗೆ ಹೇಳಿಕೊಟ್ಟರು. ನಾನು ಯಾರಿಗೂ ಹೇಳಲಿಲ್ಲ. ಹನ್ನೊಂದು ವರ್ಷದಲ್ಲಿ ಒಂದು ಸಲವೂ.

ಹೇಳದೆ ಇದ್ದದ್ದು ಮರೆವಿನಿಂದ ಅಂತ ಮನಸ್ಸಿಗೆ ಸಮಾಧಾನ ಹೇಳಿಕೊಳ್ಳಲು ನೋಡಿದೆ. ಆದರೆ ಅದು ಪೂರ್ತಿ ನಿಜವಲ್ಲ. ಕೆಲಸ ಬಿಟ್ಟು ಮನೆಯಲ್ಲಿ ಕೂತ ಮೇಲೆ ನನ್ನದು ಅಂತ ಉಳಿದಿದ್ದು ಈ ಮನೆಯ ಬಗ್ಗೆ ನನಗಿದ್ದ ತಿಳಿವಳಿಕೆ ಒಂದೇ. ಗ್ಯಾಸ್ ಯಾವ ವಾರ ಮುಗಿಯುತ್ತದೆ, ಅತ್ತೆಯ ಬಿಪಿ ಗುಳಿಗೆ ಯಾವ ಅಂಗಡಿಯಲ್ಲಿ ಉದ್ರಿ ಸಿಗುತ್ತದೆ, ಮಗಳಿಗೆ ಯಾವ ಪೆನ್ನು ಕೈಗೆ ಒಗ್ಗುತ್ತದೆ, ಹಿಂದಿನ ಬಾಗಿಲ ಚಿಲಕ ಎತ್ತಿ ಹಾಕಿದರೆ ಮಾತ್ರ ಕೂರುತ್ತದೆ ಅನ್ನುವುದು. ಎಲ್ಲರೂ ಎಲ್ಲದಕ್ಕೂ ನನ್ನನ್ನೇ ಕೇಳುತ್ತಿದ್ದರು. ಹಾಗೆ ಕೇಳಿಸಿಕೊಳ್ಳುವುದು ನನಗೆ ಇಷ್ಟವಾಗಿತ್ತು. ಇದನ್ನು ಬರೆಯಲು ಕಷ್ಟವಾಗುತ್ತಿದೆ, ಆದರೂ ಬರೆಯುತ್ತೇನೆ.

ಬೆಳಿಗ್ಗೆ ಅತ್ತೆಯ ಹತ್ತಿರ ಹೋಗಿ "ತಪ್ಪಾತು ಅತ್ತಿ, ನಿಮಗ ನಾ ಹೇಳಿದ್ದಿಲ್ಲ" ಅಂದೆ. ಅವರು ನನ್ನ ಕೈ ಹಿಡಿದುಕೊಂಡು, "ಬಾ, ಅದು ಎಲ್ಲೈತಿ ತೋರಸ ಮೊದಲ" ಅಂದರು. ಬಸ್ಸಿಗೆ ತಡವಾಗುತ್ತಿತ್ತು. ಆದರೂ ಹೋಗಿ ತೋರಿಸಿದೆ. ಅವರು ಎರಡೂ ಕೈಯಿಂದ ವಾಲ್ವ್ ತಿರುಗಿಸಿ ನೋಡಿದರು. ಜಂಗು ಹಿಡಿದಿತ್ತು, ಅವರಿಗೆ ಬಿಗಿಯಾಯಿತು. ಸಂಜೆ ನಮ್ಮವರು ಅದಕ್ಕೆ ಎಣ್ಣೆ ಬಿಟ್ಟು ಹಗುರ ಮಾಡಿದರು.

ಆ ಹತ್ತು ದಿನ ನಮ್ಮವರೇ ಸೈಕಲ್ಲಿಗೆ ಕ್ಯಾನ್ ಕಟ್ಟಿಕೊಂಡು ಶುದ್ಧ ನೀರಿನ ಘಟಕದಿಂದ ಕುಡಿಯುವ ನೀರು ತಂದರು. ಒಗೆಯಲು ಬೋರ್ ಇತ್ತು. ಅಡುಗೆಗೆ ತಂದ ನೀರು ಸಾಲದೆ ಬೇಳೆಗೆ ಟಾಕಿಯ ನೀರನ್ನೇ ಹಾಕುತ್ತಿದ್ದೆ. ಅದಕ್ಕೇ ಬೇಳೆ ಬೇಯುತ್ತಿರಲಿಲ್ಲ. ಆಮೇಲೆ ಹೆಸರುಬೇಳೆಗೆ ಬದಲಾದೆವು, ಅದು ಹೇಗೋ ಬೇಯುತ್ತಿತ್ತು.

ಇದೇ ಹೊತ್ತಿಗೆ ಆಫೀಸಿನಲ್ಲಿ ಒಂದು ವಿಷಯ ನಡೆಯಿತು. ನನ್ನ ಪಕ್ಕದ ಕುರ್ಚಿಯಲ್ಲಿ ಕೂರುವ ಹುಡುಗಿಗೆ 24 ವರ್ಷ. ಬಿಕಾಂ ಮುಗಿಸಿ ಮೂರು ವರ್ಷದಿಂದ ಅಲ್ಲೇ ಇದ್ದಾಳೆ. ನನ್ನನ್ನು ಅಕ್ಕಾ ಅನ್ನುತ್ತಾಳೆ. ಅವಳ ಹತ್ತಿರ ಒಂದು ನೂರು ಪುಟದ ನೋಟ್‌ಬುಕ್ ಇತ್ತು. ಒಂದೊಂದು ಗಿರಾಕಿಗೆ ಒಂದೊಂದು ಪುಟ. ಇವರ ಬಿಲ್ಲುಗಳು ವಾಟ್ಸಾಪಿನಲ್ಲಿ ಬರುತ್ತವೆ, ಇವರಿಗೆ ಮಧ್ಯಾಹ್ನ ಫೋನ್ ಮಾಡಬಾರದು, ಇವರ ಓಟಿಪಿ ಮಗನ ಫೋನಿಗೆ ಹೋಗುತ್ತದೆ, ಇವರು ಲಾರಿ ಬಾಡಿಗೆ ಬಿಲ್ಲು ಕೊಡಲು ಮರೆಯುತ್ತಾರೆ. ಮೂರು ವರ್ಷದಲ್ಲಿ ಒಂದೊಂದಾಗಿ ಕಂಡುಕೊಂಡದ್ದು. ಮೂರನೇ ವಾರ ನಾನು ಒದ್ದಾಡುವುದನ್ನು ನೋಡಿ ಅವಳು ಆ ಪುಸ್ತಕವನ್ನು ನನ್ನ ಮೇಜಿನ ಮೇಲೆ ಇಟ್ಟಳು. "ಮನೀಗೆ ಒಯ್ಯಿರಿ ಅಕ್ಕಾ, ಫೋಟೋ ಹೊಡಕೊಂಡು ನಾಳೆ ಕೊಡ್ರಿ" ಅಂದಳು. ಅಷ್ಟು ಸಲೀಸಾಗಿ!

ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಓದುತ್ತಾ ಬಂದೆ. ನಲವಡಿ ದಾಟಿದ ಮೇಲೆ ಕತ್ತಲಾಯಿತು, ಪುಸ್ತಕ ಮುಚ್ಚಿದೆ. ಹೊರಗೆ ಎರಡೂ ಕಡೆ ಎರೆ ಹೊಲ, ಹೆಸರು ಬಿತ್ತಿದ್ದರು, ಮಳೆಯ ವಾಸನೆ ಬರುತ್ತಿತ್ತು. ಮನೆಗೆ ಹೋದವಳೇ ಅಡುಗೆಮನೆಯ ಕ್ಯಾಲೆಂಡರ್ ಮುಂದೆ ನಿಂತೆ.

ನಮ್ಮ ಮನೆಯಲ್ಲಿ ಕ್ಯಾಲೆಂಡರ್‌ಗೆ ಕೊರತೆ ಇಲ್ಲ, ಪ್ರೆಸ್ಸಿನವರ ಮನೆ. ಅಡುಗೆಮನೆಯದು ಹಾಲಿನ ಲೆಕ್ಕಕ್ಕೆ. ಒಂದು ಲೀಟರ್ ತಗೊಂಡ ದಿನ ಒಂದು ಗೆರೆ, ಅರ್ಧ ಲೀಟರ್‌ಗೆ ಅರ್ಧ ಗೆರೆ. ಬೇರೇನೂ ಬರೆಯುತ್ತಿರಲಿಲ್ಲ, ಉಳಿದದ್ದೆಲ್ಲ ನನ್ನ ತಲೆಯಲ್ಲಿತ್ತು. ಅವತ್ತು ಕೂತು ತಲೆಯಲ್ಲಿದ್ದದ್ದನ್ನು ಅದಕ್ಕೆ ಇಳಿಸಿದೆ. ಗ್ಯಾಸ್ ಹಚ್ಚಿದ ದಿನ. ಗುಳಿಗೆ ಮುಗಿಯುವ ದಿನ. ಮಗನ ಪಿಟಿ ದಿನ, ಬಿಳಿ ಡ್ರೆಸ್. ಮಗಳ ಟೆಸ್ಟು. ಕೊನೆಗೆ ನನ್ನ ತಾರೀಕುಗಳು: 11 ಮತ್ತು 20. ಜಿಎಸ್‌ಟಿ ಕೆಲಸದಲ್ಲಿ ಇರುವವರಿಗೆಲ್ಲ ಈ ಎರಡು ತಾರೀಕು ಗೊತ್ತು. 11ಕ್ಕೆ ಮಾರಾಟದ ವಿವರದ ಜಿಎಸ್‌ಟಿಆರ್-1, 20ಕ್ಕೆ ತೆರಿಗೆ ಕಟ್ಟುವ 3ಬಿ. ಅವೆರಡಕ್ಕೂ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದೆ.

ಮೊದಲು ನಾನೊಬ್ಬಳೇ ಬರೆಯುತ್ತಿದ್ದೆ. ಜುಲೈ ಪುಟದಲ್ಲಿ ಬೇರೆ ಅಕ್ಷರ ಶುರುವಾಯಿತು. ಕೆಂಪು ಸುತ್ತಿನ ಕೆಳಗೆ ಮಗ ಪೆನ್ಸಿಲಿನಲ್ಲಿ "ಮಮ್ಮಿ ಲೇಟ್" ಅಂತ ಬರೆದಿದ್ದ. ನೋಡಿ ಎದೆ ಹಿಂಡಿದಂತಾಯಿತು. ಅವನು ಮಾತ್ರ ಬೇಜಾರಿನಿಂದ ಬರೆದಿರಲಿಲ್ಲ. "ಅವತ್ತು ಪಪ್ಪಾ ಗಿರಮಿಟ್ ತರ್ತಾರ, ಅದಕ್ಕ ಬರದೇನಿ" ಅಂದ. ನಮ್ಮವರು ತಮ್ಮ ಪ್ರೆಸ್ಸಿನ ಪಾಳಿ ಬರೆಯತೊಡಗಿದರು, ಬೆಳಗಿನದಾದರೆ 'ಬೆ', ಸಂಜೆಯದಾದರೆ 'ಸಂ'. ಅದಕ್ಕೂ ಮುಂಚೆ ಅವರ ಪಾಳಿ ಯಾವುದೆಂದು ಹಿಂದಿನ ರಾತ್ರಿಯೇ ನನಗೆ ತಿಳಿಯುತ್ತಿದ್ದದ್ದು.

ಮಗಳದೊಂದು ವಿಷಯ ಇದೆ. ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ. ತಿಂಗಳಿಗೊಮ್ಮೆ ನಾನು ಒಂದು ತಾರೀಕಿನ ಮೂಲೆಯಲ್ಲಿ ಸಣ್ಣ ಚುಕ್ಕಿ ಇಡುತ್ತೇನೆ. ಮೊದಲಿಂದಲೂ ಇಡುತ್ತಿದ್ದೆ, ಯಾರೂ ಗಮನಿಸುತ್ತಿರಲಿಲ್ಲ. ಆಗಸ್ಟ್‌ನಲ್ಲಿ ಒಂದು ಮಧ್ಯಾಹ್ನ ಅವಳು ಶಾಲೆಯಿಂದ ಬೇಗ ಬಂದಳು. ಅಜ್ಜಿ ಎಲ್ಲ ನೋಡಿಕೊಂಡರು, ಬಿಸಿ ನೀರು ಕಾಯಿಸಿದರು, ಬೆಲ್ಲ ಒಣಕೊಬ್ಬರಿ ಕೊಟ್ಟರು. ನನಗೆ ಫೋನ್ ಬಂದಾಗ ಗಿರಾಕಿ ಮುಂದೆ ಕೂತಿದ್ದೆ. ಎದ್ದು ಹೊರಗೆ ಹೋಗಿ ಮಾತಾಡಿದೆ. ಅವಳ ದನಿ ಗಟ್ಟಿಯಾಗಿತ್ತು, ಅಳುತ್ತಿದ್ದದ್ದು ನಾನು. ಮನೆಗೆ ಬಂದು ರಾತ್ರಿ ಹಾಲಿನ ಗೆರೆ ಹಾಕಲು ಹೋದರೆ ಆ ದಿನದ ಮೂಲೆಯಲ್ಲಿ ನೀಲಿ ಪೆನ್ನಿನ ಒಂದು ಚುಕ್ಕಿ. ನನ್ನದು ಕಪ್ಪು.

ಸೆಪ್ಟೆಂಬರ್ ಬಗ್ಗೆ ಹೇಳಲೇಬೇಕು. ಆ ತಿಂಗಳ 3ಕ್ಕೆ ಜಿಎಸ್‌ಟಿ ದರ ಬದಲಾಗುತ್ತದೆ ಅಂತ ಸುದ್ದಿ ಬಂತು. 22ರಿಂದ ಜಾರಿ, ಅಂದರೆ ನವರಾತ್ರಿಯ ಮೊದಲ ದಿನ. ಶೇ 12ರ ಮತ್ತು ಶೇ 28ರ ದರ ಹೋಗಿ ಹೆಚ್ಚಿನವು 5 ಅಥವಾ 18ಕ್ಕೆ ಬಂದವು. ಸ್ನಾನದ ಸೋಪು, ಟೂತ್‌ಪೇಸ್ಟ್, ತಲೆಗೆ ಹಚ್ಚುವ ಎಣ್ಣೆ 18ರಿಂದ 5ಕ್ಕೆ. ತುಪ್ಪ 12ರಿಂದ 5ಕ್ಕೆ. ಮಕ್ಕಳ ನೋಟ್‌ಬುಕ್ಕಿಗೆ 12 ಇದ್ದದ್ದು ಸೊನ್ನೆ. ಕಿರಾಣಿ ಅಂಗಡಿಯವರ ಫೋನು ಬಿಡದೆ ಬರತೊಡಗಿದವು. "ಮೇಡಂ, ಹಳೇ ಮಾಲಿಗೆ ಯಾವ ರೇಟ್ ಹಾಕಬೇಕ್ರಿ?" ಆಫೀಸಿನಲ್ಲಿ ಎಲ್ಲರ ಮುಖದಲ್ಲೂ ಗಾಬರಿ. ಪಕ್ಕದ ಹುಡುಗಿ ಕೆಲಸಕ್ಕೆ ಸೇರಿದ ಮೇಲೆ ಇಷ್ಟು ದೊಡ್ಡ ಬದಲಾವಣೆ ನೋಡಿಯೇ ಇರಲಿಲ್ಲ.

ನಾನು ನೋಡಿದ್ದೆ. ಕರ್ನಾಟಕದಲ್ಲಿ ವ್ಯಾಟ್ ದರ 12.5 ಇದ್ದದ್ದು 13.5 ಆಗಿ, 14 ಆಗಿ, 2012ರಲ್ಲಿ 14.5 ಆದಾಗ ನಾನು ಪ್ರತಿ ಸಲವೂ ಲೆಕ್ಕದ ಪುಸ್ತಕದ ಮುಂದೆ ಇದ್ದೆ. ದರ ಬದಲಾಗುವ ಹಿಂದಿನ ರಾತ್ರಿ ಅಂಗಡಿ ಮುಚ್ಚುವಾಗ ಮಾಲು ಎಣಿಸಿ ಬರೆದಿಡಬೇಕು. ಹಳೇ ದರದ ಕೊನೆಯ ಬಿಲ್ ನಂಬರ್ ಗುರುತು ಮಾಡಬೇಕು. ಬೆಳಿಗ್ಗೆ ಮೊದಲ ಬಿಲ್ಲಿನಿಂದಲೇ ಹೊಸ ದರ. ಕಂಪ್ಯೂಟರ್‌ನಲ್ಲಿ ಐಟಂ ಐಟಂಗೂ ದರ ಬದಲಿಸಿದ್ದನ್ನು ಒಬ್ಬರು ಓದಬೇಕು, ಇನ್ನೊಬ್ಬರು ಟಿಕ್ ಹಾಕಬೇಕು. ಇಷ್ಟನ್ನು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದು ಆ ಹುಡುಗಿಗೆ ಕೊಟ್ಟೆ. ಅವಳು ಅದನ್ನು ಎಲ್ಲ ಗಿರಾಕಿಗಳಿಗೂ ವಾಟ್ಸಾಪ್ ಮಾಡಿದಳು. ಜಿಎಸ್‌ಟಿ ಬಂದ ಮೇಲೆ ನನ್ನ ವಿದ್ಯೆ ಹಳತಾಯಿತು ಅಂತ ಕೊರಗಿದ್ದೆನಲ್ಲ, ಆ ಕೊರಗು ಆ ವಾರ ಹೋಯಿತು.

ದೀಪಾವಳಿಗೆ ಇನ್ನೊಂದು ಇಕ್ಕಟ್ಟು. ಅಕ್ಟೋಬರ್ 20 ನರಕ ಚತುರ್ದಶಿ, ಅವತ್ತೇ 3ಬಿ ಕೊನೆಯ ದಿನ. ಕ್ಯಾಲೆಂಡರ್‌ನಲ್ಲಿ ಕೆಂಪು ಸುತ್ತೂ ಅದಕ್ಕೇ, ಹಬ್ಬದ ಕೆಂಪು ಅಂಕಿಯೂ ಅದೇ. ನಮ್ಮ ಕಡೆ ಹಬ್ಬ ಶುರುವಾಗುವುದೇ ನೀರು ತುಂಬುವುದರಿಂದ. ಹಂಡೆ ತೊಳೆದು, ಸುಣ್ಣ ಕೆಮ್ಮಣ್ಣು ಬಳಿದು, ಹಿಂಡಲಕಾಯಿ ಬಳ್ಳಿ ಸುತ್ತಿ, ಹೊಸ ನೀರು ತುಂಬಿ ಪೂಜೆ ಮಾಡಬೇಕು. ಹದಿನಾಲ್ಕು ವರ್ಷದಿಂದ ಅದನ್ನು ನಾನೇ ಮಾಡಿದ್ದೆ. ಹಬ್ಬಕ್ಕೆ ಇನ್ನು ಒಂದೆರಡು ದಿನ ಇರುವಾಗ 3ಬಿ ತಾರೀಕನ್ನು 25ಕ್ಕೆ ಮುಂದೂಡಿದರು. ಓಡಿ ಬಂದು ಹೇಳಿದರೆ ಅತ್ತೆ ಆಗಲೇ ಹಂಡೆ ಬೆಳಗಿಟ್ಟಿದ್ದರು. ಬಳ್ಳಿ ಎಲ್ಲಿ ಸಿಗುತ್ತದೆ ಅಂತ ಮಗಳು ಅವರನ್ನೇ ಕೇಳಿಕೊಂಡು ತಂದಿದ್ದಳು. "ನೀ ಬಂದಿ ಅಂದ್ರ ಆರತಿ ಹಿಡಿ, ಉಳಕಿದ್ದು ಆಗೇತಿ" ಅಂದರು. ಸ್ವಲ್ಪ ನೋವಾಯಿತು. ಸುಳ್ಳು ಹೇಳುವುದಿಲ್ಲ. ಬಾಗಿಲ ಹತ್ತಿರ ಸುಮ್ನೆ ನಿಂತೆ, ಆಮೇಲೆ ಹೋಗಿ ಆರತಿ ಹಿಡಿದೆ.

ಈಗ ರೊಟ್ಟಿ ದಿನಾ ಬಡಿಯುವುದಿಲ್ಲ. ಓಣಿಯಲ್ಲಿ ಒಬ್ಬರು ಕಡಕ್ ರೊಟ್ಟಿ ಮಾಡಿ ಮಾರುತ್ತಾರೆ, ವಾರಕ್ಕೆ ಆಗುವಷ್ಟು ತರುತ್ತೇವೆ. ಬಿಸಿ ರೊಟ್ಟಿ ರವಿವಾರಕ್ಕೆ. ಅದರ ಬಗ್ಗೆ ಯಾರೂ ಹೆಚ್ಚು ಮಾತಾಡಲಿಲ್ಲ.

ಅತ್ತೆ ಎರಡನೇ ಇಯತ್ತೆಗೆ ಶಾಲೆ ಬಿಟ್ಟವರು. ಅಂಕಿ ಗೊತ್ತು, ಅಕ್ಷರ ಮರೆತಿದ್ದಾರೆ. ಕ್ಯಾಲೆಂಡರ್‌ನಲ್ಲಿ ಎಲ್ಲರೂ ಏನೇನೋ ಬರೆಯುವುದನ್ನು ಕೆಲವು ದಿನ ನೋಡಿದರು. ಜುಲೈ ಕೊನೆಗೆ ಒಂದು ಸಂಜೆ ಮನೆಗೆ ಬಂದಾಗ ಒಂದು ತಾರೀಕಿನ ಮೇಲೆ ಏನೋ ಚಿತ್ರ ಕಂಡಿತು. ಕೆಳಗೆ ದುಂಡಗೆ, ಮೇಲೆ ಸಣ್ಣ ಕುತ್ತಿಗೆ, ಬಾಯಿ. ಕೊಡ. ಅವತ್ತು ಹೊಳಿ ನೀರು ಬಂದಿತ್ತು. ಕೊಡದ ಪಕ್ಕದಲ್ಲಿ ಒಂದು ಅಡ್ಡ ಗೆರೆ. ಅದೇನು ಅಂತ ಕೇಳಿದೆ. "ವಾಲ್ವ ಬಂದ್ ಮಾಡೇನಿ ಅಂತ" ಅಂದರು.

ಆಮೇಲೆ ಪ್ರತಿ ಸಲ ನೀರು ಬಂದಾಗ ಒಂದು ಕೊಡ, ಒಂದು ಗೆರೆ. ಡಿಸೆಂಬರ್‌ವರೆಗೂ ಒಂದೂ ತಪ್ಪಿಲ್ಲ. ಎಷ್ಟು ದಿನಕ್ಕೊಮ್ಮೆ ನೀರು ಬಂತು ಅಂತ ಓಣಿಯವರು ಈಗ ನಮ್ಮ ಮನೆಗೆ ಬಂದು ಅವರನ್ನೇ ಕೇಳುತ್ತಾರೆ. ಅವರು ಪುಟ ಹಿಂದೆ ತಿರುವಿ, ಕೊಡದಿಂದ ಕೊಡಕ್ಕೆ ಬೆರಳಿಟ್ಟು ದಿನ ಎಣಿಸಿ ಹೇಳುತ್ತಾರೆ.

ಡಿಸೆಂಬರ್ ಪ್ರೆಸ್ಸಿನವರಿಗೆ ಕ್ಯಾಲೆಂಡರ್ ತಿಂಗಳು. ಲಗ್ನಪತ್ರಿಕೆ ಕಡಿಮೆಯಾದರೂ ಕ್ಯಾಲೆಂಡರ್ ಇನ್ನೂ ನಡೆಯುತ್ತದೆ. ಕಳೆದ ವಾರ ನಮ್ಮವರು 2026ರದ್ದು ಮೂರು ನಮೂನೆ ತಂದು ಹಾಸಿಗೆಯ ಮೇಲೆ ಹಾಸಿದರು. ಒಂದರಲ್ಲಿ ದೇವರ ಚಿತ್ರ ದೊಡ್ಡದು, ಇನ್ನೊಂದರಲ್ಲಿ ಪಂಚಾಂಗದ ವಿವರ ಜಾಸ್ತಿ. ಮಕ್ಕಳು ಚಿತ್ರ ಚೆಂದ ಇರುವುದನ್ನು ಹಿಡಿದರು. ಅತ್ತೆ ಕನ್ನಡಕ ಹಾಕಿಕೊಂಡು ಒಂದೊಂದನ್ನೇ ಕೈಯಲ್ಲಿ ಹಿಡಿದು, ತಾರೀಕಿನ ಚೌಕದ ಮೇಲೆ ಹೆಬ್ಬೆರಳು ಇಟ್ಟು ನೋಡಿದರು.

"ಇದು ಬ್ಯಾಡ" ಅಂದರು ಮಗನಿಗೆ. "ಮನಿ ಬಾಳ ಸಣ್ಣಾವು. ನನ್ನ ಕೊಡ ಕುಂದ್ರೂದಿಲ್ಲ."

ನಮ್ಮವರು ಮರುದಿನ ಇನ್ನೊಂದು ತಂದರು. ಚಿತ್ರವೇ ಇಲ್ಲ, ಬರೀ ತಾರೀಕು. ಅದನ್ನೇ ಮೊಳೆಗೆ ಹಾಕಿದ್ದೇವೆ.